ಕಿವಿ ಬಗ್ಗಿದ ಆನೆ

ಗಾಳಿಬೀಡಿನ ಆ ರಿಸಾರ್ಟಿನ ಕೊನೆಯ ಕಾಟೇಜಿನಲ್ಲಿ, ಹಾಸಿಗೆಯ ಮೇಲೆ ಒಂದು ಆನೆ ಕೂತಿತ್ತು. ಟವೆಲಿನ ಆನೆ. ದೊಡ್ಡ ಟವೆಲಿನಲ್ಲಿ ಮೈ, ಚಿಕ್ಕದರಲ್ಲಿ ತಲೆ. ಹೌಸ್‌ಕೀಪಿಂಗ್ ಸೂಪರ್‌ವೈಸರ್ ಮೋಕ್ಷಿತಾ ಅದನ್ನು ಕಂಡದ್ದೇ ಸೊಂಟಕ್ಕೆ ಕೈ ಕೊಟ್ಟು ನಿಂತಳು.

"ಯಾರು ಮಾಡಿದ್ದು ಇದು? ಗೆಸ್ಟ್ ಗೇಟಿನ ಹತ್ರ ಬಂದಾಯ್ತು, ಇಲ್ಲಿ ಆಟ ಆಡ್ತಾ ಇದ್ದೀರಾ?"

ಕಿಟಕಿ ಒರೆಸುತ್ತಿದ್ದ ಹುಡುಗ ತಿರುಗಿದ. "ನಾನೇ ಮೇಡಂ."

"ಕಿವಿ ಬೇರೆ ಸೊಟ್ಟ. ಒಂದು ನೆಟ್ಟಗೆ, ಒಂದು ಬಗ್ಗಿದೆ."

"ಬೇಕಂತಲೇ ಮೇಡಂ. ಕಿವಿ ಬಗ್ಗಿದ್ರೆ ನಿಮ್ಮ ಬೈಗುಳ ಕೇಳ್ತಾ ಇರೋ ಹಾಗೆ ಕಾಣ್ತದೆ."

ಅವಳಿಗೆ ನಗು ಬಂತು, ತಡೆದುಕೊಂಡಳು. ತಡೆದುಕೊಂಡದ್ದು ಅವನ ಕಣ್ಣಿಗೆ ಬಿತ್ತು. ಸುತ್ತುಬಳಸಿ ಹೇಳುವುದೇಕೆ, ಎಲ್ಲ ಶುರುವಾದದ್ದು ಅಲ್ಲಿಂದಲೇ.

ಅವನು ರೂಮ್‌ಬಾಯ್ ಅಲ್ಲವೆಂದು ಮ್ಯಾನೇಜರ್ ಬಂದು ಹೇಳಿದಾಗ ಅವಳ ಮುಖ ಕೆಂಪಾಯಿತು. ಚೇರಂಬಾಣೆಯ ಭವಿತ್ ಒಂದು ಕ್ರೂಸ್ ಹಡಗಿನಲ್ಲಿ ಪ್ರಯಾಣಿಕರ ಕೋಣೆ ನೋಡಿಕೊಳ್ಳುವ ಕ್ಯಾಬಿನ್ ಸ್ಟೀವರ್ಡ್. ರಜೆಯಲ್ಲಿ ಬಂದವನನ್ನು ನಮ್ಮ ಹುಡುಗರಿಗೂ ಸ್ವಲ್ಪ ಕಲಿಸು ಎಂದು ಕರೆಸಿದ್ದರಂತೆ. ಪ್ರತಿ ವರ್ಷವೂ ಅವನದು ಒಂದೇ ಲೆಕ್ಕಾಚಾರ. ಜುಲೈ ನಡುವಿಗೆ, ಜಡಿಮಳೆಯ ಆಟಿ ತಿಂಗಳು ಹಿಡಿಯುವಾಗ ಊರಿಗೆ ಬರುವುದು, ಆಟಿ ಕಳೆದ ನಾಲ್ಕಾರು ದಿನಕ್ಕೆ ಹಡಗು ಹತ್ತುವುದು. ರಜೆ ಯಾವಾಗ ಎಂದು ಹೇಳುವುದು ಕಂಪನಿ, ಅವನಲ್ಲ.

ಟವೆಲಿನ ಆನೆ ಮಡಚುವುದನ್ನು ಅವಳೂ ಕಲಿತಳು. ಒಂದೇ ಸಲಕ್ಕೆ ಬಂದದ್ದನ್ನು ಬರಲಿಲ್ಲವೆಂದು ಹೇಳಿ ನಾಲ್ಕು ಸಲ ಹೇಳಿಸಿಕೊಂಡಳು.

"ನಾನು ನಿನ್ನ ಹಡಗಿಗೆ ಗೆಸ್ಟ್ ಆಗಿ ಬಂದ್ರೆ?"

"ಗೆಸ್ಟ್ ಪಕ್ಕ ನಾವು ಕೂತ್ಕೊಳ್ಳೋ ಹಾಗಿಲ್ಲ ಮಾರಾಯ್ತಿ, ಕೆಲಸದಿಂದ ತೆಗೀತಾರೆ. ನೀನು ಊಟಕ್ಕೆ ಹೋದಾಗ ಆನೆ ಮಾಡಿಟ್ಟು ಹೋಗ್ತೇನೆ. ಕಿವಿ ನೋಡಿ ಗುರುತು ಹಿಡಿ."

ಆಟಿ ಹದಿನೆಂಟರ ದಿನ ಅವಳು ಮನೆಯಿಂದ ಡಬ್ಬಿಯಲ್ಲಿ, ಅವತ್ತು ಎಲ್ಲರ ಮನೆಯಲ್ಲೂ ಮಾಡುವ ಮದ್ದುಸೊಪ್ಪಿನ ಕಡುನೇರಳೆ ಪಾಯಸ ತಂದಳು. ಲಾಂಡ್ರಿಯ ಹಿಂದೆ ಕೂತು ಇಬ್ಬರೂ ತಿಂದರು.

"ನಿನ್ನ ತುಟಿ ನೇರಳೆ ಆಗಿದೆ," ಎಂದ ಭವಿತ್.

"ನೋಡ್ಬೇಡ ಹಾಗಾದ್ರೆ."

"ನೋಡದೆ ಇರೋಕೆ ಆಗ್ತಾ ಇಲ್ಲ. ಅದಕ್ಕೇ ಕೇಳೋದು. ನಾಳೆ ಅಮ್ಮನ್ನೂ ಮಾವನ್ನೂ ಕರ್ಕೊಂಡು ನಿಮ್ಮ ಮನೆಗೆ ಬರ್ಲಾ?"

ಅವಳ ಎದೆ ಹೂಂ ಎಂದಿತು. ಬಾಯಿ ಮಾತ್ರ ಬೇರೆಯದನ್ನೇ ಹೇಳಿತು. "ಈಗ ಬೇಡ. ಆಟಿ."

ಅವರ ಜನರಲ್ಲಿ ಆಟಿ ತಿಂಗಳಲ್ಲಿ ಮದುವೆಯಿಲ್ಲ, ಹೆಣ್ಣು ಕೇಳುವ ಮಾತೂ ಇಲ್ಲ. ಒಳ್ಳೆಯ ಕಡೆಯವರೆಂದು ಅವಸರಪಟ್ಟು ಅಕ್ಕ ಯಮುನಳ ಸಂಬಂಧ ಮಾತಾಡಿದ್ದು ಆಟಿಯಲ್ಲೇ. ವರ್ಷ ತುಂಬುವ ಮೊದಲು ಅಕ್ಕ ಪೆಟ್ಟಿಗೆ ಹಿಡಿದು ತವರಿಗೆ ಬಂದಿದ್ದಳು. ಗಂಡ ಕುಡುಕ ಎನ್ನುವುದಕ್ಕಿಂತ ತಿಂಗಳು ಕೆಟ್ಟದ್ದು ಎಂದುಕೊಳ್ಳುವುದು ಮನೆಯವರಿಗೆ ಸುಲಭವಾಗಿತ್ತು. ಮೋಕ್ಷಿತಾ ಇದನ್ನೆಲ್ಲ ನಂಬುವವಳಲ್ಲ. ಆದರೆ ಭವಿತನ ವಿಷಯದಲ್ಲಿ ಪರೀಕ್ಷೆ ಮಾಡಿ ನೋಡಲು ಅವಳಿಗೆ ಧೈರ್ಯ ಬರಲಿಲ್ಲ.

"ಆಟಿ ಕಳೀಲಿ. ಮರುದಿನವೇ ಬಾ. ಕಾಫಿ ನಾನೇ ತಂದು ಕೊಡ್ತೇನೆ."

"ಆಗ್ಲಿ," ಎಂದ ಅವನು. ಎರಡನೇ ಸಲ ಕೇಳಲಿಲ್ಲ.

ಆಟಿ ಮುಗಿಯುವುದಕ್ಕೆ ಮೊದಲೇ ಕಂಪನಿಯ ಮೇಲ್ ಬಂತು. ಹಡಗಿನಲ್ಲಿ ಯಾರಿಗೋ ಹುಷಾರಿಲ್ಲ, ಬದಲಿಗೆ ಕೂಡಲೇ ಬರಬೇಕು. ಮಡಿಕೇರಿ ಬಸ್‌ಸ್ಟ್ಯಾಂಡಿನಲ್ಲಿ ಬ್ಯಾಗು ಕೆಳಗಿಟ್ಟು ಅವನು ಅವಳ ಕೊಡೆಯೊಳಗೆ ಬಂದು ನಿಂತ. ಕೊಡೆ ಚಿಕ್ಕದು, ಇಬ್ಬರ ಒಂದೊಂದು ಭುಜವೂ ನೆನೆಯಿತು. ಅವಳಿಗೆ ಅಳು ಬಂದಿತ್ತು. ಮಳೆಯಿದ್ದದ್ದರಿಂದ ಯಾರಿಗೂ ತಿಳಿಯಲಿಲ್ಲ, ಅವನೊಬ್ಬನನ್ನು ಬಿಟ್ಟು.

"ಮಾವನ್ನ ಕಳಿಸ್ತೇನೆ," ಎಂದ.

"ಆಟಿ ಕಳೆದ ಮೇಲೆ," ಎಂದಳು.

ಆಟಿ ಕಳೆದ ಮೇಲೆ ಭವಿತನ ಮಾವ ಬಂದರು. ಅವಳ ಅಪ್ಪ ಮೊಣ್ಣಪ್ಪ ಕುರ್ಚಿ ಕೊಟ್ಟು, ಕಾಫಿ ಕೊಡಿಸಿ, ಮರ್ಯಾದೆಯಿಂದಲೇ ಕೇಳಿದರು.

"ಹುಡುಗ ಈಗ ಎಲ್ಲಿ ಇರೋದು?"

"ಹಡಗಲ್ಲಿ."

"ಮತ್ತೆ ಬರೋದು?"

ಮಾವ ಕಾಫಿ ಲೋಟ ನೋಡಿದರು. "ಬರೋ ಆಟಿಗೆ."

ಅವರು ಹೋದ ಮೇಲೆ ಮೋಕ್ಷಿತಾ ಅಪ್ಪನ ಮುಂದೆ ನಿಂತಳು. "ಅಪ್ಪ, ನಾನು ಕಾಯ್ತೇನೆ."

"ಕಾದು ಎಂತ ಮಾಡ್ತೀಯ ಮಗ? ಅಂವ ಇಳಿದು ಬರೋದೇ ಆಟಿಲಿ. ಆಟಿಲಿ ಮದುವೆ ಇಲ್ಲೆ. ನಿನ್ನ ಅಕ್ಕನ್ನ ಒಂದು ಸಲ ನೋಡು." ಅಪ್ಪ ಬೇಡಿಕೊಳ್ಳುವ ಹಾಗೆ ಹೇಳಿದರು. ಬೈದಿದ್ದರೆ ಎದುರು ಮಾತಾಡುತ್ತಿದ್ದಳೋ ಏನೋ. ಭವಿತನನ್ನು ತಡೆಯಲು ಅವಳೇ ಹೇಳಿದ ಮಾತನ್ನು ಅಪ್ಪ ಈಗ ಅವಳಿಗೆ ಹೇಳುತ್ತಿದ್ದರು.

ಭವಿತನ ಫೋನು ಬಂದದ್ದು ಯಾವುದೋ ಬಂದರಿನಿಂದ. ಸುದ್ದಿ ಅವನಿಗೆ ಮುಟ್ಟಿತ್ತು.

"ಕೆಲಸ ಬಿಟ್ಟು ಬರ್ಲಾ, ಮೋಕ್ಷಿ?"

"ಬಿಟ್ರೆ?"

"ಮತ್ತೆ ಯಾವ ಹಡಗಿಗೂ ತಗೊಳ್ಳಲ್ಲ. ಆದ್ರೂ ಬಾ ಅಂದ್ರೆ ಬರ್ತೇನೆ."

ಬಾ ಎನ್ನಲು ಅವಳಿಗೆ ಪ್ರಾಣ ಹೋಗುವಷ್ಟು ಆಸೆಯಾಯಿತು. ಆದರೆ ಅವನು ಸಮುದ್ರದ ಮಾತೆತ್ತಿದಾಗೆಲ್ಲ ಮುಖ ಹೇಗೆ ಅರಳುತ್ತಿತ್ತೆಂದು ಅವಳು ಕಂಡಿದ್ದಳು. ಅದನ್ನು ಕಿತ್ತುಕೊಂಡು ಬದುಕುವುದು ಹೇಗೆ?

"ಬೇಡ," ಎಂದಳು. "ಅವತ್ತೇ ನಾನು ಹೂಂ ಅನ್ಬೇಕಿತ್ತು."

"ನಾನು ಇನ್ನೊಂದು ಸಲ ಕೇಳ್ಬೇಕಿತ್ತು. ನಂಗೆ ನೀನಂದ್ರೆ ಪ್ರಾಣ ಅಂತ ಹೇಳಿಯೇ ಇರ್ಲಿಲ್ಲ, ನೋಡು."

"ಆನೆ ಹೇಳಿತ್ತು," ಎಂದಳು ಅವಳು.

ಅಮ್ಮತ್ತಿಯ ಪ್ರಜ್ಞೇಶ್ ಜೊತೆ ಮದುವೆಯ ಮಾತುಕತೆ ಬೇಗ ಮುಗಿಯಿತು. ಕಾಫಿ ಕ್ಯೂರಿಂಗ್ ವರ್ಕ್ಸಿನಲ್ಲಿ ಕೆಲಸ, ಕುಡಿಯುವುದಿಲ್ಲ, ಸಂಜೆಗೆ ಮನೆ ಸೇರುತ್ತಾನೆ. ಒಳ್ಳೆಯವನೇ. ಕೆಟ್ಟವನಾಗಿದ್ದರೆ ಅವಳಿಗೆ ಬೇಡವೆನ್ನಲು ಒಂದು ಕಾರಣವಾದರೂ ಸಿಗುತ್ತಿತ್ತು.

ಒಂದು ದಿನ ಅವರ ಮನೆಗೆ ಬಂದವನು ಊಟ ಮುಗಿಸಿ ಜಗಲಿಯಲ್ಲಿ ಟವೆಲಿನಿಂದ ಕೈ ಒರೆಸಿಕೊಳ್ಳುತ್ತ ಅವಳನ್ನು ಕರೆದು ನಾಚುತ್ತಲೇ ಮೊಬೈಲ್ ತೋರಿಸಿದ. "ಮದುವೆ ಆದ ಮೇಲೆ ಕ್ರೂಸಿಗೆ ಹೋಗೋಣ್ವಾ? ಎಲ್ಲೆಲ್ಲೂ ಸಮುದ್ರ. ಇಲ್ಲಿ ನೋಡಿ, ರೂಮಲ್ಲಿ ಟವೆಲಿನ ಆನೆ ಮಾಡಿ ಇಡ್ತಾರಂತೆ! ಹೇಗೆ ಮಾಡ್ತಾರೋ."

ಗೊತ್ತಿಲ್ಲ ಎಂದಿದ್ದರೆ ಮುಗಿದುಹೋಗುತ್ತಿತ್ತು. ಆದರೆ ಅವಳ ಕೈ ಆಗಲೇ ಅವನ ಕೈಯಿಂದ ಟವೆಲ್ ತೆಗೆದುಕೊಂಡಿತ್ತು. ಸುರುಳಿ ಸುತ್ತಿದಳು, ಮಡಚಿದಳು, ಎಳೆದಳು. ಜಗಲಿಯ ಮೇಲೆ ಆನೆಯ ತಲೆ ಕೂತಿತು, ಒಂದು ಕಿವಿ ನೆಟ್ಟಗೆ, ಒಂದು ಬಗ್ಗಿ.

"ಅರೆ! ಎಷ್ಟು ಚೆನ್ನಾಗಿ ಬಂತು," ಎಂದು ಪ್ರಜ್ಞೇಶ್ ಮನಸಾರೆ ಖುಷಿಪಟ್ಟ. "ಈ ಕಿವಿ ಒಂದು ಬಿದ್ದು ಹೋಗಿದೆ, ಇರಿ."

ಅವನು ಬಗ್ಗಿ, ಬಲು ಜೋಪಾನವಾಗಿ, ಆ ಕಿವಿಯನ್ನು ನೆಟ್ಟಗೆ ಮಾಡಿದ.

ಮೋಕ್ಷಿತಾ ನೋಡುತ್ತ ನಿಂತಳು. ಬೇಡ ಎನ್ನಲಿಲ್ಲ.