ನೀರು ಇಳಿದ ಬೇಸಿಗೆ

"ನೀರು ಇಳಿಯದೇ ಹೋದರೆ?"

ಹಿಂದಿನ ಸಾಲಿನಿಂದ ಬಂದ ಆ ಪ್ರಶ್ನೆಗೆ ತ್ರಿಪುರಸುಂದರಿಯ ಮಾತು ಅರ್ಧಕ್ಕೇ ನಿಂತಿತು.

ಶೃಂಗೇರಿಯ ಕಾಲೇಜೊಂದರ ಸಭಾಂಗಣ. ಕೊಪ್ಪದಲ್ಲಿ ಇತಿಹಾಸ ಪಾಠ ಮಾಡುವ ತ್ರಿಪುರ ಅಂದು ಲೋಕ ಹುಟ್ಟಿದ ಕಥೆಗಳ ಬಗ್ಗೆ ಉಪನ್ಯಾಸ ಕೊಡಲು ಬಂದಿದ್ದಳು. ನಮ್ಮಲ್ಲಿ ನೀರಿನೊಳಗಿಂದ ಭೂಮಿಯನ್ನು ಕೋರೆಹಲ್ಲಿನ ಮೇಲೆ ಎತ್ತಿ ತಂದ ವರಾಹ... ಅಮೆರಿಕದ ಮೂಲನಿವಾಸಿಗಳಲ್ಲಿ ನೀರಿನ ತಳಕ್ಕೆ ಮುಳುಗಿ ಹಿಡಿ ಮಣ್ಣು ತಂದ ಪುಟ್ಟ ಪ್ರಾಣಿ... ಫಿನ್ಲೆಂಡಿನವರಲ್ಲಿ ಕಡಲ ಮೇಲೆ ಒಡೆದ ಹಕ್ಕಿಯ ಮೊಟ್ಟೆ. "ಎಲ್ಲ ಕಡೆಯೂ ಮೊದಲು ನೀರು. ಆಮೇಲೆ ನೆಲ ಮೇಲೇಳುತ್ತದೆ, ಬದುಕು ಶುರುವಾಗುತ್ತದೆ" ಎಂದು ಮುಗಿಸುವುದರಲ್ಲಿದ್ದಳು.

ಆಗ ಎದ್ದು ನಿಂತಿದ್ದ, ಮಡಚಿದ ತೋಳಿನ ಅಂಗಿಯ ಆ ಎತ್ತರದ ಮನುಷ್ಯ.

"ನಾನು ವಿಘ್ನೇಶ್ವರ. ಎನ್.ಆರ್. ಪುರದಲ್ಲಿ ದನದ ಡಾಕ್ಟರು. ನಮ್ಮ ಅಜ್ಜಿಯ ಊರು ಭದ್ರಾ ಹಿನ್ನೀರಲ್ಲಿ ಮುಳುಗಿ ಅರವತ್ತು ವರ್ಷ ದಾಟ್ತು. ಅವರಿಗೆ ಮೊದಲು ನೆಲ ಇತ್ತು, ಆಮೇಲೆ ನೀರು ಬಂತು. ಅದು ನಿಮ್ಮ ಯಾವ ಕಥೆಗೆ ಸೇರುತ್ತೆ ಮೇಡಂ?"

ಯಾರೋ ನಕ್ಕರು. ಅವನು ನಗಲಿಲ್ಲ. ತ್ರಿಪುರಳ ಕೆನ್ನೆ ಬಿಸಿಯಾಯಿತು. ಸಿಟ್ಟು ಬಂತು, ಅವನ ಮೇಲಲ್ಲ... ಉತ್ತರ ತೋಚದ ತನ್ನ ಮೇಲೆ.

ಸಭೆ ಮುಗಿದ ಮೇಲೆ ಹುಡುಕಿಕೊಂಡು ಹೋದಳು. ಅವನು ಜೀಪಿನ ಬಾಗಿಲು ತೆಗೆಯುತ್ತಿದ್ದ.

"ನಿಮ್ಮ ಪ್ರಶ್ನೆಗೆ ನನ್ನ ಹತ್ತಿರ ಉತ್ತರ ಇಲ್ಲ. ಅಜ್ಜಿಯನ್ನ ಒಂದ್ಸಲ ನೋಡಬಹುದಾ?"

ಅವನು ಅವಳನ್ನೇ ದಿಟ್ಟಿಸಿದ. "ಅವರು ಆ ಊರಿನ ಬಗ್ಗೆ ಮಾತಾಡಲ್ಲ. ಬೇರೆ ಎಂತ ಬೇಕಾದ್ರೂ ಮಾತಾಡ್ತಾರೆ. ಬನ್ನಿ."

ಹಾಗೆ ಶುರುವಾಗಿತ್ತು.

ಭಾನುವಾರ ಬಂತೆಂದರೆ ತ್ರಿಪುರ ಕೊಪ್ಪದಿಂದ ಎನ್.ಆರ್. ಪುರದ ಬಸ್ಸು ಹತ್ತುತ್ತಿದ್ದಳು. ವಿಘ್ನೇಶ್ವರನ ಅಜ್ಜಿ ಗಿರಿಯಮ್ಮನವರಿಗೆ ದೇಶದೇಶದ ವೀರರ ಕಥೆ ಹೇಳುತ್ತಿದ್ದಳು. ಸಾವಿಲ್ಲದ ಗಿಡ ಹುಡುಕುತ್ತ ಲೋಕದ ತುದಿಗೆ ಹೋದ ಬ್ಯಾಬಿಲೋನ್ ಸೀಮೆಯ ಒಬ್ಬ ರಾಜ... ಯುದ್ಧ ಗೆದ್ದೂ ಮನೆ ಸೇರಲು ವರ್ಷಗಟ್ಟಲೆ ಸಮುದ್ರದಲ್ಲಿ ಅಲೆದ ಗ್ರೀಕರ ವೀರ...

"ಆ ಎರಡನೆಯವನೇ ವಾಸಿ ಕೂಸೇ," ಅಜ್ಜಿ ಎಲೆಗೆ ಸುಣ್ಣ ಸವರುತ್ತ ಹೇಳಿದ್ದರು. "ಎಷ್ಟು ಅಲೆದ್ರೂ ವಾಪಸ್ ಹೋಗೋಕೆ ಊರು ಅಂತ ಒಂದಿತ್ತಲ್ಲ. ಪುಣ್ಯವಂತ."

ಆ ದಿನ ವಿಘ್ನೇಶ್ವರ ಅವಳನ್ನು ಬಸ್ ನಿಲ್ದಾಣಕ್ಕೆ ಬಿಟ್ಟ. ಅವಳು ಜೀಪಿನಿಂದ ಇಳಿಯುವಾಗ ಕೇಳಿದ.

"ಮುಂದಿನ ವಾರವೂ ಬರ್ತೀರಲ್ಲ?"

ಅಷ್ಟೇ. ಆ ಒಂದು ಮಾತಿಗೆ ಅವಳಿಗೆ ವಾರವಿಡೀ ಕೂತಲ್ಲಿ ಕೂರಲಾಗಲಿಲ್ಲ. ಪಾಠದ ನಡುವೆ ಕಿಟಕಿ ನೋಡುವಳು. ಅಮ್ಮ ಶಿವಮೊಗ್ಗದ ಗಂಡಿನ ವಿಷಯ ಎತ್ತಿದರೆ ಎದ್ದು ಹೋಗುವಳು. 'ನಾನು ಹೋಗುವುದು ಅಜ್ಜಿಯ ಮಾತಿಗೋ... ಅವನ ಜೀಪಿನ ಸದ್ದಿಗೋ?'

ಆ ಬೇಸಿಗೆಯಲ್ಲಿ ಹಿನ್ನೀರು ಹಿಂದೆಂದೂ ಇಲ್ಲದಷ್ಟು ಇಳಿಯಿತು. ಹಳೇ ಊರಿನ ಕಲ್ಲು ಕಟ್ಟಡಗಳು ಕಾಣುತ್ತಿವೆ ಎಂದು ಸುದ್ದಿಯಾಯಿತು.

"ನನ್ನ ಒಂದ್ಸಲ ಕರ್ಕೊಂಡು ಹೋಗು ಮಾಣಿ," ಎಂದರು ಅಜ್ಜಿ ಮೊಮ್ಮಗನಿಗೆ, ತ್ರಿಪುರಳ ಎದುರಿಗೇ.

"ಎದೆಯ ಆಪರೇಷನ್ ಆಗಿ ವರ್ಷ ಆಗಿಲ್ಲ. ಆ ಬಿಸಿಲಲ್ಲಿ ಬೇಡ ಅಜ್ಜಿ." ಅವನು ಕೇಳಲೇ ಇಲ್ಲ.

ಅವನು ದೂರದ ಹಳ್ಳಿಗೆ ಹಸುವಿನ ಹೆರಿಗೆಗೆಂದು ಹೋಗಿದ್ದ ದಿನ ಅಜ್ಜಿ ತ್ರಿಪುರಳ ಕೈ ಹಿಡಿದುಕೊಂಡರು. ಆ ಹಿಡಿತ ಬಿಡಿಸಿಕೊಳ್ಳಲು ಅವಳಿಗೆ ಆಗಲಿಲ್ಲ. ಹಳೇ ಊರಿನ ಕಡೆ ಹೋಗಲು ಆಟೋ ತರಿಸಿದಳು.

ಬಿರುಕು ಬಿಟ್ಟ ಕೆಸರಿನ ಬಯಲು. ಮನೆಯ ತಳಪಾಯಗಳ ಸಾಲು. ಬಾವಿಯ ಸುತ್ತುಗಲ್ಲು. ಅಜ್ಜಿ ಯಾವುದನ್ನೂ ನಿಂತು ನೋಡಲಿಲ್ಲ. ನೆಟ್ಟಗೆ ನಡೆದು ಕಪ್ಪು ಮರದ ಬೊಡ್ಡೆಯೊಂದರ ಪಕ್ಕ ಕುಳಿತು ಮಣ್ಣಿನ ಮೇಲೆ ಅಂಗೈ ಇಟ್ಟರು.

"ಇಲ್ಲೇ ಮಲಗಿಸಿದ್ದು. ನನ್ನ ಮೊದಲನೇದು. ಹೆಣ್ಣು... ಹೆಸರಿಡೋಕೆ ಮೊದ್ಲೇ ಹೋಯ್ತು."

ತ್ರಿಪುರ ಪಕ್ಕದಲ್ಲೇ ಕುಳಿತಳು.

"ಊರು ಬಿಡುವಾಗ ಎಲ್ಲರೂ ಪಾತ್ರೆ ಪಗಡ ಹೊತ್ರು. ದೇವರನ್ನೂ ಹೊತ್ರು. ನಾನು ಇದನ್ನ ನೀರಿಗೆ ಬಿಟ್ಟು ಬಂದೆ. ಯಾರ ಹತ್ರ ಹೇಳ್ಲಿ ಕೂಸೇ?" ಅಜ್ಜಿ ಮಣ್ಣಿನ ಮೇಲಿಂದ ಅಂಗೈ ಎತ್ತಲಿಲ್ಲ. "ಮಾಣಿಗೆ ಹೇಳ್ಬೇಡ. ನಾನೇ ಹೇಳ್ತೆ, ಧೈರ್ಯ ಬಂದಾಗ."

ವಾಪಸು ಬರುವಾಗ ಆಟೋದಲ್ಲೇ ಅಜ್ಜಿ ಪ್ರಜ್ಞೆ ತಪ್ಪಿದರು.

ಆಸ್ಪತ್ರೆಗೆ ಓಡಿಬಂದ ವಿಘ್ನೇಶ್ವರನ ಮುಖ ನೋಡಲು ಅವಳಿಗೆ ಭಯವಾಯಿತು.

"ಬೇಡ ಅಂದಿದ್ದೆ. ನಿಮ್ಮೆದುರೇ ಅಂದಿದ್ದೆ."

"ಡಾಕ್ಟ್ರೇ, ಅಜ್ಜಿಗೆ..."

"ನಿಮಗೊಂದು ಕಥೆ ಬೇಕಿತ್ತು. ಸಿಕ್ತಲ್ಲ, ಹೋಗಿ."

ಸತ್ಯ ನಾಲಗೆಯ ತುದಿಯಲ್ಲಿತ್ತು. ಹೇಳಿದ್ದರೆ ಅವನ ಸಿಟ್ಟು ಅಲ್ಲೇ ಇಳಿಯುತ್ತಿತ್ತು. ಆದರೆ ಒಬ್ಬ ತಾಯಿ ಅರವತ್ತು ವರ್ಷ ಯಾರಿಗೂ ಹೇಳದ ಮಾತದು... ತನ್ನ ಮಾನ ಉಳಿಸಿಕೊಳ್ಳಲು ಅದನ್ನು ಖರ್ಚು ಮಾಡುವುದೇ? ತ್ರಿಪುರ ತಲೆ ತಗ್ಗಿಸಿ ಹೊರನಡೆದಳು.

ಅಜ್ಜಿ ಚೇತರಿಸಿಕೊಂಡರೆಂದು ಅವರ ನೆರೆಮನೆಯ ಭವ್ಯ ಫೋನಿನಲ್ಲಿ ಹೇಳಿದಳು. ಅವನಿಂದ ಒಂದು ಮಾತೂ ಬರಲಿಲ್ಲ.

ಆಮೇಲಿನ ಭಾನುವಾರಗಳು ಅವಳನ್ನು ಸುಟ್ಟವು. ಕೊಪ್ಪದ ನಿಲ್ದಾಣಕ್ಕೆ ಹೋಗುವಳು, ಎನ್.ಆರ್. ಪುರದ ಬಸ್ಸಿನಲ್ಲಿ ಕೂರುವಳು, ಕಂಡಕ್ಟರ್ ಬರುವಷ್ಟರಲ್ಲಿ ಇಳಿದುಬಿಡುವಳು. ಮನೆಗೆ ಬಂದರೆ ಓದಲಾಗದು, ಉಣ್ಣಲಾಗದು. ಶಿವಮೊಗ್ಗದ ಗಂಡಿಗೆ ಬೇಡವೆಂದು ತಾನೇ ಹೇಳಿಬಿಟ್ಟಳು.

ಮುಂಗಾರು ಹಿಡಿಯಿತು. ಹಿನ್ನೀರು ಮತ್ತೆ ಏರತೊಡಗಿತು. 'ಆ ಮರದ ಬೊಡ್ಡೆ ಈಗ ಮುಳುಗಿರಬಹುದು' ಎಂದು ಒಂದು ಭಾನುವಾರ ಕೊಪ್ಪದ ನಿಲ್ದಾಣದಲ್ಲಿ ಬಸ್ಸಿನ ಕಿಟಕಿ ಪಕ್ಕ ಕೂತು ಯೋಚಿಸುತ್ತಿದ್ದಳು. ಕಂಡಕ್ಟರ್ ಹತ್ತಿರ ಬಂದ. ಎಂದಿನಂತೆ ಇಳಿದಳು.

"ಯಾಕೆ ಇಳಿದ್ರಿ?"

ಎದುರಿಗೆ ವಿಘ್ನೇಶ್ವರ. ಸೊರಗಿದ್ದ. ಗಡ್ಡ ಬೆಳೆದಿತ್ತು.

"ನೀವು ಇಲ್ಲಿ..."

"ನಿಮ್ಮ ಮನೆ ಹುಡುಕ್ಕೊಂಡು ಹೊರಟಿದ್ದೆ." ಅವನು ಒಂದು ಹೆಜ್ಜೆ ಹತ್ತಿರ ಬಂದ. "ಅಜ್ಜಿ ನಿನ್ನೆ ಎಲ್ಲ ಹೇಳಿದ್ರು. ನನಗೊಬ್ಬಳು ದೊಡ್ಡತ್ತೆ ಇದ್ದಳು ಅಂತ ಅಪ್ಪನಿಗೂ ಗೊತ್ತಿರ್ಲಿಲ್ಲ."

ಅವಳ ಕಣ್ಣು ತುಂಬಿತು.

"ಆಸ್ಪತ್ರೆಯಲ್ಲಿ ಅಷ್ಟು ಅಂದೆ. ಒಂದು ಮಾತು ತಿರುಗಿ ಹೇಳಬಾರದಿತ್ತಾ?"

"ಅದು ನನ್ನ ಮಾತಾಗಿರಲಿಲ್ಲ."

ಅವನು ತುಟಿ ಕಚ್ಚಿ ಬೇರೆ ಕಡೆ ನೋಡಿದ.

"ಅಜ್ಜಿ ಅಷ್ಟು ವರ್ಷದ ಮೇಲೆ ನಿನ್ನೆ ರಾತ್ರಿ ನೆಮ್ಮದಿಯಾಗಿ ನಿದ್ದೆ ಮಾಡಿದ್ರು. ಅದು ನಿಮ್ಮಿಂದ. ನನ್ನ ಹತ್ರ ಕ್ಷಮೆ ಕೇಳೋ ಬಾಯಿ ಇಲ್ಲ."

"ನನ್ನದೂ ತಪ್ಪಿದೆ. ಅಜ್ಜಿಗೆ ಏನಾದ್ರೂ ಆಗಿದ್ರೆ..." ತಲೆಯೆತ್ತಿ ಅವನ ಮುಖ ನೋಡಿದಳು. "ಆದ್ರೆ ಕಥೆಗೋಸ್ಕರ ಕರ್ಕೊಂಡು ಹೋಗಲಿಲ್ಲ. ಮೊದಲ ಎರಡು ಭಾನುವಾರ ಕಥೆಗೆ ಬಂದಿದ್ದು ನಿಜ. ಆಮೇಲೆ ಬಂದಿದ್ದೆಲ್ಲ... ನಿಮಗಾಗಿ."

ಅವನು ಅವಳ ಕಡೆ ತಿರುಗಿದ.

"ನಾನು ಆ ದಿನ ಶೃಂಗೇರಿಯಿಂದ ಹೊರಟವನು ಇನ್ನೂ ಮನೆ ತಲುಪಿಲ್ಲ ಅನ್ನಿಸ್ತದೆ ತ್ರಿಪುರ. ಮದುವೆ ಆಗ್ತೀಯಾ?"

'ನೀವು' ಹೋಗಿ 'ನೀನು' ಬಂದದ್ದು ಇಬ್ಬರಿಗೂ ಗೊತ್ತಾಯಿತು. ಇಬ್ಬರೂ ಅದನ್ನು ಎತ್ತಲಿಲ್ಲ.

"ನಾನು ಒಂದು ಕಡೆ ಕೂರೋಳಲ್ಲ," ಎಂದಳು. "ಊರೂರು ತಿರುಗ್ತೀನಿ. ಸಂಜೆ ಬಾಗಿಲಲ್ಲಿ ನಿಂತು ಕಾಯೋದು ನನ್ನಿಂದ ಆಗಲ್ಲ."

"ನಾನೂ ಹಗಲೂ ರಾತ್ರಿ ದನದ ಹಿಂದೆ ಓಡೋನು. ಯಾರು ಮೊದಲು ಮನೆಗೆ ಬರ್ತಾರೋ ಅವರು ಅನ್ನಕ್ಕಿಡೋದು."

"ನನಗೆ ಅಡುಗೆ ಅಷ್ಟಕ್ಕಷ್ಟೇ."

"ಅಜ್ಜಿಗೂ ಗೊತ್ತು ಮಾರಾಯ್ತಿ." ಅವನು ಮೆಲ್ಲನೆ ಅವಳ ಕೈಚೀಲ ತೆಗೆದುಕೊಂಡ. "ಆದ್ರೂ ಕರ್ಕೊಂಡೇ ಬಾ ಅಂದಿದ್ದಾರೆ."