ಕಸ ಗುಡಿಸುವ ದಿಕ್ಕು

ಮೌನೇಶ್ವರಿ ಅಡುಗೆಕೋಣೆಯ ನೆಲವನ್ನು ಅರ್ಧ ಗುಡಿಸಿದ್ದಳು. ಮೂಲೆಯಲ್ಲಿದ್ದ ಯಂತ್ರ, ಮಾತಿಗೆ ಮುಂಚೆ ಗಂಟಲು ಸರಿಮಾಡಿಕೊಳ್ಳುವವರಂತೆ, ಸಣ್ಣಗೆ ಗುರ್ ಎಂದಿತು. ಬೆಳಿಗ್ಗೆ ಅದರ ಹೊಟ್ಟೆಗೆ ಹಾಕಿದ ಹಿಡಿ ಹಿಮದ ಲೆಕ್ಕ ಮುಗಿದಿತ್ತು. ಅವಳು ತಕ್ಷಣ ತಿರುಗಲಿಲ್ಲ. ಬಾಗಿಲಿನಿಂದ ಒಳಮುಖವಾಗಿಯೇ ಗುಡಿಸುತ್ತ ಬಂದು, ಕೂಡಿದ ಧೂಳನ್ನು ತಗಡಿನ ಡಬ್ಬಿಗೆ ತುಂಬಿದಳು.

"ಎಂತ ಮಾರಾಯ್ರೆ, ಉತ್ತರ ಧ್ರುವದ ಕಸವನ್ನೂ ಊರಿಗೆ ತಗೊಂಡು ಹೋಗ್ತೀರಾ?" ಎಂದ ಐವನ್ ಲೋಬೊ. ಮಂಗಳೂರಿನ ಈ ಎಂಜಿನಿಯರ್ ಅವಳ ಜೊತೆಗೂಡಿ ಆ ಯಂತ್ರ ಕಟ್ಟಿದವನು.

"ಪತ್ತಾರರ ಮನ್ಯಾಗ ಕಸ ಹೊರಗ ಹಾಕೂದಿಲ್ಲಪಾ. ಅದರಾಗ ಬಂಗಾರ ಇರತೈತಿ."

"ಇಲ್ಲಿ ಇರುವುದು ಬ್ರೆಡ್ಡಿನ ಪುಡಿ."

"ಅದು ಕೈಗೆ ಗೊತ್ತಾಗಬೇಕಲ್ಲ!"

2060ರ ಮಾರ್ಚ್ ತಿಂಗಳು. ಧ್ರುವದ ಹತ್ತಿರದ ಆ ನಡುಗಡ್ಡೆಗೆ ಚಳಿಗಾಲದ ಕತ್ತಲೆ ಕಳೆದು ಸೂರ್ಯ ಮರಳಿದ್ದ. ಅವನಿಗಾಗಿಯೇ ಮೌನೇಶ್ವರಿ ಕಾದಿದ್ದಳು. ಭೂಮಿಯ ಯಾವ ಮೂಲೆಯಲ್ಲಿ ಪಾದರಸ ಕಾಯಿಸಿದರೂ ಅದರ ಆವಿ ತಿಂಗಳುಗಟ್ಟಲೆ ಗಾಳಿಯಲ್ಲಿ ಅಲೆಯುತ್ತದೆ. ಧ್ರುವದಲ್ಲಿ ಮೊದಲ ಬಿಸಿಲು ಬಿದ್ದಾಗ ಸಮುದ್ರದ ಉಪ್ಪು ಹಿಮಗಡ್ಡೆಯಿಂದ ಬ್ರೋಮಿನ್ ಎಂಬ ಅನಿಲ ಎದ್ದು, ಆ ಆವಿಯನ್ನು ಹಿಡಿದು ಹಿಮದ ಮೇಲೆ ಇಳಿಸುತ್ತದೆ. ಈ ರಸಾಯನಕ್ರಿಯೆಯ ಲೆಕ್ಕ ಕಟ್ಟುವುದೇ ಅವಳ ಕಸುಬು. ಪಾದರಸದ ಪರಮಾಣುಗಳೆಲ್ಲ ಒಂದೇ ತೂಕದವಲ್ಲ. ಒಲೆಯ ಬಗೆ, ಬಿಸಿಲು, ದಾರಿಯ ದೂರ ಎಲ್ಲವೂ ಆ ತೂಕಗಳ ಬೆರಕೆಯಲ್ಲಿ ಗುರುತು ಬಿಡುತ್ತವೆ. 'ಗಾಳಿಮೂಲ' ಎಂದು ಅವರು ಹೆಸರಿಟ್ಟ ಯಂತ್ರ ಆ ಗುರುತನ್ನು ಓದಿ, ವರ್ಷದ ಗಾಳಿಯನ್ನೆಲ್ಲ ಲೆಕ್ಕದಲ್ಲಿ ಹಿಂದಕ್ಕೆ ಬೀಸಿಸಿ, ಹೊಗೆ ಎದ್ದ ಓಣಿಯನ್ನೇ ತೋರಿಸುತ್ತಿತ್ತು.

ಅದು ಬಂದ ಮೇಲೆ ಜಗತ್ತಿನಲ್ಲಿ ಎಷ್ಟೋ ಚಿಮಣಿಗಳು ಆರಿದ್ದವು. ಆದರೆ ಎಲ್ಲೋ ನದಿದಂಡೆಯ ಚಿನ್ನ ತೆಗೆಯುವ ಒಂದು ಹಳ್ಳಿಯಲ್ಲಿ, ಅಧಿಕಾರಿಗಳು ಒಲೆಗಳಿಗೆ ಮುದ್ರೆ ಹಾಕಿ ಹೋದ ಮೇಲೆ, ಜನ ಬೆಂಕಿಯನ್ನು ಮಲಗುವ ಕೋಣೆಗೆ ಒಯ್ದರು. ಹೊಗೆ ಮನೆಯೊಳಗೇ ಉಳಿದು, ಮರುವರ್ಷ ಹಿಮ ಸ್ವಚ್ಛವಾಗಿ ಬಂತು. ಹಳ್ಳಿಯ ಮಕ್ಕಳು ಕೈ ನಡುಗಿ ಬಟ್ಟಲು ಬೀಳಿಸತೊಡಗಿದ್ದರು.

ಮೌನೇಶ್ವರಿ ಪೊರಕೆ ಇಟ್ಟು ಪರದೆ ನೋಡಿದಳು. ಗೆರೆ ಹಿಮಾಲಯ ದಾಟಿ, ಗದಗದ ಹತ್ತಿರದ ತನ್ನೂರು ಕಲ್ಲಗುಡಿಯ ಅಕ್ಕಸಾಲಿಗರ ಕೇರಿಯಾದ ಪತ್ತಾರ ಓಣಿಯಲ್ಲಿ ನಿಂತಿತ್ತು. ಅಕ್ಕಸಾಲಿಗರ ಅಂಗಡಿಯ ಕಸ ತೊಳೆದು, ಅದರ ಬಂಗಾರದ ಹುಡಿಯನ್ನು ಪಾದರಸಕ್ಕೆ ಹಿಡಿಸಿ, ಆ ಮುದ್ದೆಯನ್ನು ಹಿತ್ತಲ ಒಲೆಯಲ್ಲಿ ಕಾಯಿಸಿ ಬಂಗಾರ ತೆಗೆಯುವುದು ಅಲ್ಲಿನ ಹೆಂಗಸರ ಕೆಲಸ. ಅವ್ವನ ನಂತರ ಅವರ ಮನೆಯ ಒಲೆ ಅವಳ ಅಕ್ಕ ಕಾಳವ್ವನ ಪಾಲಿಗೆ ಬಂದಿತ್ತು.

ಹೋದ ವಸಂತದಲ್ಲೂ ಯಂತ್ರ ಇದೇ ಓಣಿಯನ್ನು ತೋರಿಸಿತ್ತು. ಅಂದೇ ಅಕ್ಕನಿಗೆ ಕಾಗದ ಬರೆದಿದ್ದಳು. ಅಷ್ಟರಲ್ಲಿ ಹಿಮದ ಮಾದರಿಗಳ ಕಪಾಟಿನ ಕೆಳಗೆ ಅವಳ ಕಸದ ಡಬ್ಬಿ, ಪಕ್ಕದಲ್ಲೇ ಅಕ್ಕ ನೇಯಿಸಿಕೊಟ್ಟ ಕಂಬಳಿ ಐವನ್‌ನ ಕಣ್ಣಿಗೆ ಬಿದ್ದಿದ್ದವು. ಕಂಬಳಿಯಿಂದ ಉದುರಿದ ಊರಿನ ಧೂಳು ಹಿಮದ ಮಾದರಿಗೆ ಸೇರಿರಬೇಕೆಂದು ಫಲಿತಾಂಶವನ್ನೇ ಹೊಡೆದುಹಾಕಿದರು. ತಪ್ಪು ಸಿಕ್ಕಿತಲ್ಲ ಎಂದು ಅವಳಿಗೆ ಆಗ ಸಮಾಧಾನವೇ ಆಗಿತ್ತು. ಕಾಗದ ಕೋಟಿನ ಜೇಬಿನಲ್ಲಿ ಉಳಿಯಿತು.

"ಈ ಸಲ ಹಿಮ ತಂದದ್ದು ನಾನು," ಎಂದ ಐವನ್ ಮೆಲ್ಲಗೆ. "ಗಾಳಿಗೆ ಎದುರಾಗಿ ದೂರ ಹೋಗಿ, ಹೊಸ ಉಡುಪು ಹಾಕಿಕೊಂಡು. ನಿಮ್ಮ ಡಬ್ಬಿಯನ್ನು ಬೈಯುವ ಹಾಗಿಲ್ಲ."

"ವರದಿ ಯಾವಾಗ ಹೋಗತೈತಿ?"

"ತಿಂಗಳ ಕೊನೆಗೆ. ಆಮೇಲೆ ಮುದ್ರೆ ಹಾಕ್ಲಿಕ್ಕೆ ಬರ್ತಾರೆ. ಗೊತ್ತುಂಟಲ್ಲ ನಿಮಗೆ."

ಅವಳು ಊರಿಗೆ ಫೋನ್ ಹಚ್ಚಿದಳು.

"ಏನವಾ ಬರ್ಫದ ರಾಣಿ, ನಿಮ್ಮಲ್ಲಿ ಹೊತ್ತು ಮೂಡೇತೇನ?" ಎಂದಳು ಕಾಳವ್ವ.

"ಮೂಡೇತಿ. ನಿನ್ನ ಕೈ ಹೆಂಗೈತಿ?"

"ನಡುಗತೈತಿ. ವಾಯು ಅದು, ಅವ್ವಗೂ ಇತ್ತಲ್ಲ. ಚಾ ಸೋಸಾಕ ಬರೂದಿಲ್ಲ, ಸೊಸಿ ನಗತಾಳ."

"ವಾಯು ಅಲ್ಲಕ್ಕಾ, ಪಾದರಸದ ಹೊಗಿ."

"ಹೊಗಿ ಮ್ಯಾಲ ಹೋತಂದ್ರ ಮುಗೀತು, ದೇವರ ಪಾಲು."

"ದೇವರ ಪಾಲಲ್ಲ, ನನ್ನ ಪಾಲಿಗೆ ಬಂದೈತಿ. ಇಲ್ಲಿ ಬರ್ಫದಾಗ ಬಿದ್ದೈತಿ."

ಕಾಳವ್ವ ಜೋರಾಗಿ ನಕ್ಕಳು. "ಅಲ್ಲಿತನಕಾ ಹೋತ? ನಾ ಬದಾಮಿ ದಾಟಿಲ್ಲ, ನನ್ನ ಹೊಗಿ ನೋಡು ಎಷ್ಟ ಊರು ತಿರಗೇತಿ! ಇಡ್ತೀನವಾ, ಮಂದಿ ಬಂದಾರ."

ಫೋನಿನ ಮಾತು ಅಕ್ಕನಿಗೆ ಯಾವಾಗಲೂ ಹರಟೆ. ಕಾಗದವಾದರೆ ಓಣಿಯ ಹೆಂಗಸರನ್ನು ಕೂಡಿಸಿ ಗಟ್ಟಿಯಾಗಿ ಓದುತ್ತಾಳೆ, ಮತ್ತೆ ತಿರುಗಿ ಓದುತ್ತಾಳೆ.

ಮೌನೇಶ್ವರಿಗೆ ಏನೋ ಹೊಳೆಯಿತು. ಅಕ್ಕನ ಮನೆಯ ಹೊಗೆಯಲ್ಲಿ ಇದ್ದು ಬಂದ ಕಂಬಳಿಯ ಅಂಚಿನಿಂದ ಒಂದು ಎಳೆ ಕಿತ್ತು ಯಂತ್ರಕ್ಕೆ ಹಾಕಿದಳು. ಪಾದರಸದ ಅಂಕೆ ಏರುತ್ತಲೇ ಹೋಗಿ, ಹಿಮದಲ್ಲಿ ಎಂದೂ ಕಾಣದ ಮಟ್ಟದಲ್ಲಿ ನಿಂತಿತು. ಹೋದ ವರ್ಷ ತಪ್ಪೆಂದು ದೂರ ಸರಿಸಿದ್ದ ವಸ್ತುವಿನಲ್ಲೇ ಉತ್ತರವಿತ್ತು. ಧ್ರುವಕ್ಕೆ ಬಂದದ್ದು ತಪ್ಪಿಸಿಕೊಂಡ ಚೂರು ಮಾತ್ರ, ಮಿಕ್ಕದ್ದು ಅಕ್ಕನ ಮನೆಯಲ್ಲೇ ಕೂತಿತ್ತು.

ಕುತೂಹಲ ತಡೆಯದೆ, ಹಿಮನದಿಯಿಂದ ಕೊರೆದು ತಂದಿದ್ದ 2026ರ ಪದರದ ಚೂರೊಂದನ್ನೂ ಹಾಕಿದಳು. ಗೆರೆಗಳು ನೂರಾರು ಊರುಗಳಿಂದ ಬಂದು ಕೂಡಿದವು. ಅವುಗಳಲ್ಲಿ ಒಂದು ಅದೇ ಓಣಿಯದು. ಆ ವರ್ಷ ಒಲೆಯ ಮುಂದೆ ಕೂತಿದ್ದವಳು ಅವ್ವ, ಪಕ್ಕದಲ್ಲಿ ಆಡುತ್ತಿದ್ದವಳು ತಾನು. ಅಂದೂ ಯಾರಾದರೂ ಎಚ್ಚರಿಸಿದ್ದಿರಬಹುದು. ಆಕಾಶ ದೊಡ್ಡದು ಎಂದು ಆ ಊರುಗಳೆಲ್ಲ ನಕ್ಕಿರಬಹುದು. ಆ ಪದರಕ್ಕೆ ಈಗ ಕಾಗದ ಬರೆಯುವಂತಿರಲಿಲ್ಲ.

ಹೊರಗೆ ವಿಮಾನ ಸಾಮಾನು ಇಳಿಸುತ್ತಿತ್ತು. ಅವಳು ಜೇಬಿನ ಕಾಗದ ಬಿಡಿಸಿದಳು. ಮುಚ್ಚಳಕ್ಕೆ ಬಗ್ಗಿದ ಕೊಳವೆ ಹಚ್ಚಿ, ಒದ್ದೆ ಬಟ್ಟೆ ಸುತ್ತಿ, ಆವಿಯನ್ನು ತಣಿಸಿ ಹಿಡಿಯುವ ಪಾತ್ರೆಯ ಚಿತ್ರವನ್ನು ಮೊದಲೇ ಬರೆದಿದ್ದಳು. ಈಗ ಕೆಳಗೆ ಸೇರಿಸಿದಳು:

"ಅಕ್ಕಾ, ಸಾಹೇಬರು ಬಂದು ಒಲಿ ಮುಚ್ಚಿದರ ಅದನ್ನ ಮನಿಯೊಳಗ ಒಯ್ಯಬ್ಯಾಡ. ಓಣಿಯಾಗ ಯಾರಿಗೂ ಒಯ್ಯಾಕ ಬಿಡಬ್ಯಾಡ. ಸೊಸೀನ ಕರಕೊಂಡು ಹುಬ್ಬಳ್ಳಿ ಡಾಕ್ಟರಿಗೆ ಕೈ ತೋರಿಸು. ಇನ್ನೊಂದು, ನಾವು ಹುಟ್ಟಿದಾಗಿಂದ ಕಸ ಒಳಗ ಗುಡಿಸೇವಿ. ಇನ್ನ ಮ್ಯಾಲ ಬ್ಯಾಡ, ಆ ಧೂಳಿನಾಗೂ ಪಾದರಸ ಐತಿ. ಒದ್ದಿ ಅರಿಬೀಲೆ ಒರಸಿ, ಹೊರಗ ಹಾಕು."

ಲಕೋಟೆ ಅಂಟಿಸಿ, ಟೋಪಿ ಹಾಕುವುದನ್ನೂ ಮರೆತು, ಹಿಮದಲ್ಲಿ ಓಡಿದಳು. ಪೈಲಟ್ ಅಂಚೆಚೀಲದ ಬಾಯಿ ಬಿಗಿಯುತ್ತಿದ್ದ. ಅವಳನ್ನು ಕಂಡು ಮತ್ತೆ ಸಡಿಲಿಸಿದ. ಸ್ವಲ್ಪ ಹೊತ್ತಿಗೆ ವಿಮಾನ ಎದ್ದು ದಕ್ಷಿಣಕ್ಕೆ ತಿರುಗಿತು. ಅಕ್ಕನ ಹೊಗೆ ಬಂದ ದಾರಿಯಲ್ಲೇ ಕಾಗದ ಹಿಂದಕ್ಕೆ ಹೊರಟಿತು.