ಹಂಗಾಮಿ ಮಾಸ್ತರನ ಹೆಂಡತಿ

"ಏನ್ರಿ, ಪ್ರತಿ ವರ್ಷಾ ಏಪ್ರಿಲ್‌ದಾಗ ಬರೂ ಈ ಲಕೋಟಿದಾಗ ಅಂಥಾದ್ದೇನ್ ಇರ್ತೈತ್ರಿ?"

ಸುಂದ್ರವ್ವನ ಪ್ರಶ್ನೆಗೆ ಕೇದಾರಿ ತಲೆ ಎತ್ತಲಿಲ್ಲ. ತಾಟಿನಲ್ಲಿ ರೊಟ್ಟಿ ಹಾಗೇ ಇತ್ತು. ಮದುವೆಯಾಗಿ ನಾಲ್ಕು ವರ್ಷ. ನಾಲ್ಕು ಸಲವೂ ಲಕೋಟೆ ಬಂದ ದಿನ ಗಂಡ ಊಟ ಬಿಟ್ಟಿದ್ದ. ಇಂದು ಅವಳು ತಿಳಿಯದೆ ಬಿಡುವವಳಲ್ಲ!

"ಕೆಲಸದಿಂದ ತಗದೀವಿ ಅಂತ ಇರ್ತೈತಿ. ಜೂನ್‌ದಾಗ ಮತ್ತ ಕರೀತಾರ. ಕರದ್ರ ಕರದ್ರು, ಬಿಟ್ರ ಬಿಟ್ರು... ಕಾಲೇಜಿನ್ಯಾಗ ನಾ ಹಂಗಾಮಿ ಮಾಸ್ತರ, ಸುಂದ್ರಾ."

ಅವಳ ತಂದೆ ನಾಗನೂರಿನ ಶೆಟ್ಟೆಪ್ಪ ಅದೇ ಕಾಲೇಜಿನ ಆಡಳಿತ ಮಂಡಳಿಯಲ್ಲಿದ್ದರು. ವಾರದೊಳಗೆ ಗೋಕಾಕದ ಮಗಳ ಮನೆಗೆ ಬಂದು, ಕೂಡುವ ಮೊದಲೇ ಹೇಳಿದರು: "ಇತಿಹಾಸಕ್ಕ ಒಂದ ಕಾಯಂ ಜಾಗಾ ಆಗೈತಿ. ಅಳಿಯಂದ್ರಿಗೇ ಅಂತ ಮಾತಾಡೀನಿ!"

ಸುಂದ್ರವ್ವನ ಕಣ್ಣು ತುಂಬಿ ಬಂದವು. ಆದರೆ ಅವಳ ಸ್ವಭಾವ ಸುಮ್ಮನಿರಗೊಡಲಿಲ್ಲ. "ಅಪ್ಪಾ, ಬ್ಯಾರೆ ಹಂಗಾಮಿ ಮಾಸ್ತರು ಯಾರೂ ಇಲ್ಲೇನು?"

ತಂದೆ ರುಮಾಲು ಸರಿಪಡಿಸಿಕೊಂಡರು. ಕೇದಾರಿಯೇ ಉತ್ತರಿಸಿದ: "ಮೇಲವಂಕಿ ಮಾಯಪ್ಪ ಅದಾನ, ಅವನೂ ಇತಿಹಾಸನ ಕಲಸ್ತಾನ. ಕೂಲಿಯವರ ಮಗಾ. ಏಳು ವರ್ಷ ಆತು. ಬ್ಯಾಸಿಗ್ಯಾಗ ಕೂಲಿಗೆ ಕಾಲವಿ ತೋಡಾಕ ಹೋಗ್ತಾನ. ಅವನ ಕಡೆ ಕಲತ ಹುಡುಗುರು ದಂಡಿ ಮ್ಯಾಲೆ ನಿಂತ ನೋಡ್ತಾರ..."

"ಊರ ಚಿಂತಿ ನಿಮಗ್ಯಾಕ?" ಎಂದು ಶೆಟ್ಟೆಪ್ಪ ಎದ್ದು ಹೋದರು.

ಕೂಲಿಯವರ ಕೇರಿಯಿಂದ ಬಂದು ಅಷ್ಟು ಓದಿದವನು ಯಾರು? ಅವನ ಮನೆ ಹೇಗಿದ್ದೀತು? ಸುಂದ್ರವ್ವನಿಗೆ ತಡೆಯಲಾಗಲಿಲ್ಲ. ಮರುದಿನವೇ ಮೇಲವಂಕಿಗೆ ಹೋದಳು. ಮಾಯಪ್ಪನ ಹೆಂಡತಿ ಉದ್ದವ್ವ ಬೆಲ್ಲ, ನೀರು ತಂದಿಟ್ಟಳು.

"ಜಾಗಾ ನಿಮ್ಮವರಿಗೆ ಆಗ್ತೈತಂತ ಕೇಳಿದ್ನಿ. ಚಲೋ ಆತ್ರಿ ಅಕ್ಕಾರ... ನಿಮ್ಮವರು ಭಾಳ ಒಳ್ಳೇವ್ರು ಅಂತ ನಮ್ಮವ್ರು ಹೇಳ್ತಾರ."

ಆ ಮಾತಿನಲ್ಲಿ ಎಳ್ಳಷ್ಟೂ ವಿಷವಿರಲಿಲ್ಲ! ಬೈದಿದ್ದರೆ ತಾಳಿಕೊಳ್ಳಬಹುದಿತ್ತು. ಸುಂದ್ರವ್ವ ಬೆಲ್ಲವನ್ನು ಸೆರಗಿಗೆ ಕಟ್ಟಿಕೊಂಡು ಎದ್ದಳು.

ಮನೆಗೆ ಬಂದವಳೇ ಗಂಡನ ಎದುರು ಕೂತಳು. "ಆ ಜಾಗಾ ನಮ್ಮದಲ್ರಿ..."

"ನಿನ್ನೆಯಿಂದ ನಾನೂ ಅದ ವಿಚಾರ ಮಾಡಾಕತ್ತೇನಿ," ಎಂದ ಕೇದಾರಿ. "ನೀ ಅಳ್ತಿ ಅಂತ ಹೇಳಲಿಲ್ಲ."

ಅವನು ಆಡಳಿತ ಮಂಡಳಿಗೆ ಅರ್ಜಿ ಬರೆದ: ಮಾಯಪ್ಪನ ಸರದಿ ಮೊದಲು, ಹಂಗಾಮಿಯವರನ್ನು ಪ್ರತಿ ಬೇಸಿಗೆಯಲ್ಲಿ ತೆಗೆಯುವುದು ನಿಲ್ಲಲಿ. ಸುಂದ್ರವ್ವ ತಾನೇ ಅದನ್ನು ತವರಿಗೆ ಒಯ್ದು ತಂದೆಯ ಕೈಗಿತ್ತಳು.

"ಮಗಳ ಸಲುವಾಗಿ ಮಂದಿ ಕಾಲ ಹಿಡದೆ! ಇನ್ನ ನನ್ನ ಹೊಸ್ತಲಾ ತುಳೀಬ್ಯಾಡ!" ಎಂದು ಅವರು ಗುಡುಗಿದರು.

ಕೇದಾರಿ ಅರ್ಜಿಯ ಪ್ರತಿಯನ್ನು ಕಾಲೇಜಿನ ಮಾಸ್ತರರಿಗೆಲ್ಲ ತೋರಿಸಿದ್ದರಿಂದ ಅದು ಎಲ್ಲರಿಗೂ ಗೊತ್ತಾಗಿತ್ತು. ಮಂಡಳಿಗೆ ಬೇರೆ ದಾರಿಯಿರಲಿಲ್ಲ. ಮಾಯಪ್ಪ ಕಾಯಂ ಆದ. ಜೂನ್‌ನಲ್ಲಿ ಕೇದಾರಿಗೆ ಮಾತ್ರ ಕರೆ ಬರಲಿಲ್ಲ. ಗಂಡಹೆಂಡತಿ ಸಾಮಾನು ಕಟ್ಟಿಕೊಂಡು ತುಕ್ಕಾನಟ್ಟಿಗೆ ಹೋದರು. ಅಲ್ಲಿಯ ಸಾಲೆಯಲ್ಲಿ ಅವನು ಮಾಸ್ತರನಾದ.

ವರ್ಷ ತುಂಬುವ ಹೊತ್ತಿಗೆ, ಒಂದು ಮುಂಜಾನೆ, ಶೆಟ್ಟೆಪ್ಪ ಬಾಗಿಲಲ್ಲಿ ನಿಂತಿದ್ದರು. ತವರು ಮುಚ್ಚಿತೆಂದುಕೊಂಡಿದ್ದ ಸುಂದ್ರವ್ವ ಓಡಿ ಹೋಗಿ ಚಾಪೆ ಹಾಸಿದಳು.

"ಈ ಬ್ಯಾಸಿಗ್ಯಾಗೂ ಹಂಗಾಮಿ ಮಾಸ್ತರು ಕಾಲವಿ ತೋಡೂದ ಕಣ್ಣಾರೆ ನೋಡಿದೆ. ನಿನ್ನೆ ಸಭಾದಾಗ ಎದ್ದ ನಿಂತೆ," ಎಂದರು ಅವರು ಅಳಿಯನನ್ನು ನೋಡಿ. "ಮಾಸ್ತರನ್ನ ಬ್ಯಾಸಿಗ್ಯಾಗ ಯಾಕ ತಗೀತೀರಿ ಅಂತ ಕೇಳಿದೆ. ಎಲ್ಲಾರೂ ನಕ್ರು... ನಕ್ಕೋತ ಮುಂದಿನ ವಿಷಯಕ್ಕ ಹ್ವಾದ್ರು."

"ಮುಂದೇನ್ರಿ ಮಾವಾರ?"

"ಮುಂದಿನ ಸಭಾದಾಗೂ ಕೇಳ್ತೇನಿ. ಹೆಂಗ ಕೇಳಬೇಕಂತ ನೀವ ಹೇಳಿಕೊಡ್ರಿ," ಎನ್ನುತ್ತ ಆ ಹಿರಿಯರು ಅಳಿಯನ ಚಾಪೆಯ ಮೇಲೆ ಕುಳಿತರು.